ಭರಮಮ್ಮ ಮೂರು ಗಾಡಿಗಳ ಡಿಕ್ಕಿ ನೋಡಿದ್ದು

ಕೂಡ್ಲಿಗಿ ಕಡೆಯ ಬಸ್ ಕಂಡಕ್ಟರುಗಳಿಗೆಲ್ಲ ಭರಮಮ್ಮ ಗೊತ್ತು. ಬಸ್ಸು ಪೂರ್ತಿ ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬರುವ ಹೆಂಗಸು ಆ ಸೀಮೆಯಲ್ಲಿ ಅವಳೊಬ್ಬಳೇ.

“ಕುಂದ್ರು ಯಮ್ಮಾ, ಸೀಟೇನು ಕಚ್ಚಾದಿಲ್ಲ,” ಎಂದು ಯಾರಾದರೂ ಅಂದರೆ, “ನಾನು ಕುಂದ್ರೋ ದಿನ ಬ್ಯಾರೇ ಐತಪ್ಪ, ನೀ ಟಿಕೀಟು ಹರಿ,” ಅನ್ನುವಳು.

ಮೆತ್ತಗಿರುವ ಯಾವುದರ ಮೇಲೂ ಅವಳು ಕೂರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಸೋಫಾ ಹಾಕಿದರೆ ಅದರ ಪಕ್ಕ ನೆಲದ ಮೇಲೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಆ ಒರಗು ಕುರ್ಚಿ ಬೇಡವೆಂದು ನಿಂತೇ ಬಾಯಿ ತೆರೆದಳು. ಭರಮಮ್ಮ ಎತ್ತರದ ಆಳು. ಡಾಕ್ಟರು ಸ್ಟೂಲು ಹತ್ತಿ, ನರ್ಸು ಸ್ಟೂಲಿನ ಕಾಲು ಹಿಡಿದು, ಹೇಗೋ ಹಲ್ಲು ಹೊರಗೆ ಬಂತು.

ಇದಕ್ಕೆಲ್ಲ ಕಾರಣ ಚಿಗಟೇರಿಯ ಬೀಗ ಮೈಲಾರಲಿಂಗಪ್ಪ, ಮತ್ತು ಅವನ ಝೋರಾ ಕಾರಿನ ಡಿಕ್ಕಿ.

ಮಗಳು ಶಿವಲೀಲಾಳನ್ನು ಭರಮಮ್ಮ ಅವನ ಮನೆಗೆ ಸೊಸೆಯಾಗಿ ಕೊಟ್ಟಿದ್ದಳು. ಮೈಲಾರಲಿಂಗಪ್ಪನಿಗೆ ಎರಡು ಹುಚ್ಚು. ದೇವರ ಪದ್ಧತಿ ಒಂದು ಕೂದಲೆಳೆಯಷ್ಟೂ ತಪ್ಪಬಾರದು ಅನ್ನುವುದು ಒಂದು, ಕಾಳಗದ ಟಗರು ಇನ್ನೊಂದು. ಸುಲ್ತಾನ ಎಂಬ ತನ್ನ ಟಗರು ಗುದ್ದಿದ ಸದ್ದಿಗೆ ಹಡಗಲಿ ತೋಟಗಳಲ್ಲಿ ಮಲ್ಲಿಗೆ ಮೊಗ್ಗು ಹೊತ್ತಿಗೆ ಮುಂಚೆಯೇ ಅರಳುತ್ತವೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಬಸುರಿ ಶಿವಲೀಲಾಳಿಗೆ ಕುಬುಸ ಮಾಡುವ ದಿನ ಭರಮಮ್ಮ ಇಳಕಲ್ ಸೀರೆ ಉಟ್ಟು, ಬುಟ್ಟಿ ತುಂಬ ಕರ್ಚಿಕಾಯಿ ಇಟ್ಟುಕೊಂಡು ಕೂಡ್ಲಿಗಿಯಲ್ಲಿ ಬಸ್ಸು ಕಾಯುತ್ತಿದ್ದಳು. ಅಲ್ಲೇ ಕಾಳಗ ಗೆದ್ದು ಬರುತ್ತಿದ್ದ ಬೀಗ ಗಾಡಿ ನಿಲ್ಲಿಸಿದ. ಬಾಗಿಲು ತೆಗೆದು ನೋಡಿದರೆ ನಡುವಿನ ಸೀಟಿನಲ್ಲಿ ಹಾರ ಹಾಕಿಕೊಂಡ ಸುಲ್ತಾನ, ಅದರ ಆಚೆ ಈಚೆ ಕೊಂಬು ಹಿಡಿದ ಇಬ್ಬರು ಗಂಡಸರು. ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಗೆದ್ದ ಬಹುಮಾನದ ಕಪ್ಪು ಕೂತಿತ್ತು.

“ಸುಲ್ತಾನ ಹಿಂದೆ ನಿಲ್ಲಲ್ಲ ಬೀಗಿತ್ತಿ, ಕೊಂಬು ಉಜ್ತಾವೆ. ನೀವು ಒಂದೀಟು ಡಿಕ್ಕಿನಾಗೆ ಹೊಂದ್ಕಳ್ರಿ. ಮನೇರೇ ಅಲ್ವಾ,” ಅಂದ ಮೈಲಾರಲಿಂಗಪ್ಪ.

ಬಸುರಿ ಮಗಳು ಅವನ ಮನೆಯಲ್ಲಿದ್ದಳು. ಭರಮಮ್ಮ ತುಟಿ ಕಚ್ಚಿ ಒಳಗೆ ಹೊಕ್ಕಳು. ಡಿಕ್ಕಿಯ ನಡುವೆ ಸ್ಟೆಪ್ನಿ ಗಾಲಿಯ ಉಬ್ಬು, ಅದರ ಮೇಲೆ ಅವಳು. ಇಳಿಜಾರು ಗಾಜು ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿತು. ಕಾಲು ಯಾವುದೋ ಸಂದಿಯಲ್ಲಿ ಸಿಕ್ಕಿಕೊಂಡಿತು. ಸೀಟಿನ ಬೆನ್ನು ತಟ್ಟಿ, “ಬೀಗರೇ, ಕಾಲು ಸಿಗಿಬಿದ್ದೈತ್ರಿ, ಒಂದೀಟು ನಿಲ್ಲಿಸ್ರಿ,” ಎಂದು ಕೂಗಿದರೆ ಅವನು ಹಾಡಿನ ಸದ್ದು ಜೋರು ಮಾಡಿದ.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ಚಹಾಕ್ಕೆ ನಿಂತರು. ಗೆದ್ದ ಟಗರು ನೋಡಲು ಜನ ಮುತ್ತಿದ್ದರು. ಸುಲ್ತಾನನಿಗೆ ನೀರು ಕುಡಿಸುವ ಬಕೆಟ್ಟು ಬೇಕೆಂದು ಡಿಕ್ಕಿ ತೆಗೆದರೆ ಒಳಗಿಂದ ಭರಮಮ್ಮ ಉರುಳಿದಳು. ಮುಡಿದ ಹೂವು ಕಿವಿಗೆ ಬಂದಿತ್ತು, ತಲೆಗೂದಲಲ್ಲೆಲ್ಲ ಕರ್ಚಿಕಾಯಿ ಪುಡಿ. ಜನ ನಕ್ಕರು. ಚಹಾದ ಗ್ಲಾಸು ಹಿಡಿದುಕೊಂಡೇ ಮೈಲಾರಲಿಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು ಒಂದು ಮಾತು ಅಂದ.

“ಮಡಿಚಿ ಇಟ್ರೆ ಎಲ್ಲಾದ್ರೂ ಹಿಡಿತಾರೆ ನಮ್ಮ ಬೀಗಿತ್ತಿ.”

ಯಾರೋ ಅದನ್ನು ವಿಡಿಯೋ ಮಾಡಿದರು. ಹೊತ್ತು ಮುಳುಗುವುದರೊಳಗೆ ಹರಪನಹಳ್ಳಿಯಿಂದ ಹಡಗಲಿಯವರೆಗೆ ಅವಳ ಹೆಸರು ಡಿಕ್ಕಿ ಭರಮಮ್ಮ ಎಂದಾಗಿತ್ತು.

ಅಲ್ಲೇ ನಿಂತ ಜಾಗದಲ್ಲಿ ಅವಳು ಮನೆದೇವರು ಬೀರಪ್ಪನ ಮೇಲೆ ಆಣೆ ಇಟ್ಟಳು. ಇವನನ್ನು ಡಿಕ್ಕಿಗೆ ಹಾಕುವ ತನಕ ಮೆತ್ತಗಿರುವುದರ ಮೇಲೆ ಕೂರುವುದಿಲ್ಲ. ಹಾಕಿದ ಮೇಲೆ ಇದೇ ಕೊಟ್ಟೂರಿನಲ್ಲಿ, ಇದೇ ಜನರ ಎದುರು ಬಾಗಿಲು ತೆಗೆಯುತ್ತೇನೆ.

ಮಗಳಿಗೆ ಗಂಡುಕೂಸು ಹುಟ್ಟಿತು, ಅಂಬೆಗಾಲಿಟ್ಟಿತು, ಜವಳ ತೆಗೆಸುವ ಹೊತ್ತು ಬಂತು. ಮೊದಲ ಕೂದಲು ತೆಗೆಸಲು ಕೂಡ್ಲಿಗಿ ಆಚೆಯ ಬೀರಪ್ಪನ ಗುಡಿಗೆ ಕೂಸನ್ನು ಸೋದರಮಾವನ ಗಾಡಿಯಲ್ಲೇ ಕರೆದೊಯ್ಯಬೇಕು, ಸೋದರಮಾವನ ಮನೆಯಿಂದಲೇ ದೇವರಿಗೆ ಒಂದು ಟಗರು ಬಿಡಬೇಕು. ಮೊದಲೆಲ್ಲ ಎತ್ತಿನ ಗಾಡಿ ಸಾಕಾಗುತ್ತಿತ್ತು. ಸೋದರಮಾವ ಅಂದರೆ ಭರಮಮ್ಮನ ಮಗ ಹುಲುಗೇಶ, ಅವನ ಹತ್ತಿರ ಇದ್ದದ್ದು ಒಂದು ಬೈಕು.

“ಕುರಿ ಹಿಂಡಿನಾಗ ಅರ್ಧ ಮಾರಿಬಿಡಲೇ. ಕಾರು ತರಾಣ,” ಅಂದಳು ಭರಮಮ್ಮ.

ಹುಲುಗೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಊಟ ಬಿಟ್ಟು ಫೋನಿನಲ್ಲಿ ಗಾಡಿಗಳ ವಿಡಿಯೋ ನೋಡಿದ. “ಯವ್ವಾ, ಝೋರಾನೇ ಹೊಸ ರೂಪದಾಗ ಬಂದೈತಿ. ಮಾರಿ ಬದ್ಲಾಗೈತಿ, ಲೈಟು ಬದ್ಲಾಗ್ಯಾವ. ಒಳಗ ಟಿವಿ ಅದಾವ. ಕ್ಯಾಪ್ಟನ್ನು, ರೂಬಿ ಎರಡೂ ಗಾಡಿ ಅದರ ಮುಂದ ಏನೂ ಅಲ್ಲ ಅಂತಾರ.”

“ಡಿಕ್ಕಿ?”

“ಡಿಕ್ಕಿ ಯಾರು ನೋಡ್ತಾರಬೇ?”

“ನಾ ನೋಡ್ತೀನಿ.”

ಹಗರಿಬೊಮ್ಮನಹಳ್ಳಿಯ ಮೈದಾನದಲ್ಲಿ ಶಾಮಿಯಾನ ಹಾಕಿ ಮೂರೂ ಕಂಪನಿಯವರು ಗಾಡಿ ನಿಲ್ಲಿಸಿದ್ದರು. ಭರಮಮ್ಮ ಕಂಬಳಿಯಲ್ಲಿ ಒಂದು ಎಳೆಮರಿ ಸುತ್ತಿಕೊಂಡು ಹೋದಳು. ರಾತ್ರಿ ಕುರಿ ಕೂಡಿಹಾಕಿ ತರುಬಲು ಹೊಸ ಜಾಗ ನೋಡುವಾಗ ಅವಳ ಮನೆಯವರು ಮೊದಲು ಮರಿಯನ್ನು ಬಿಟ್ಟು ನೋಡುತ್ತಿದ್ದರು. ಜಾಗ ಹಿತವಾಗಿದ್ದರೆ ಮರಿ ಮಲಗುತ್ತದೆ, ಕೆಟ್ಟದಾಗಿದ್ದರೆ ಒದರುತ್ತದೆ. ಡಿಕ್ಕಿಯೂ ಒಂದು ಜಾಗವೇ ಎಂಬುದು ಅವಳ ಲೆಕ್ಕ. ಆದರೆ ಇವತ್ತು ಅವಳಿಗೆ ಬೇಕಾದದ್ದು ಮರಿ ಒದರುವ ಜಾಗ.

ಮೊದಲು ಹೊಸ ಝೋರಾ. ಅದನ್ನು ಮಾರುವ ಗವಿಸಿದ್ದೇಶ ಟೈ ಕಟ್ಟಿಕೊಂಡು ಓಡಿಬಂದ. ಭರಮಮ್ಮ ನೇರ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸಿದಳು. ಒಳಗೆ ಹಜಾರದ ಹಾಗೆ ಸಪಾಟು ನೆಲ, ಅದಕ್ಕೆ ಗಾದಿಯಂಥ ಹಾಸು.

“ಇಲ್ಲಿ ಸ್ಟೆಪ್ನಿ ಉಬ್ಬು ಇತ್ತಲ್ಲ, ಎಲ್ಲಿ ಹೋತು?”

“ಅದನ್ನ ಗಾಡಿ ಕೆಳಗ ಕಳಿಸೀವಿ ಅಮ್ಮಾರೆ. ಹಳೇದ್ರಾಗ ಭಾಳ ತ್ರಾಸು ಅಂತ ಜನ ಬೈತಿದ್ರು.”

“ಗಾಜು ಕುತ್ತಿಗಿಗೆ ಒತ್ತತಿತ್ತು.”

“ಅದನ್ನೂ ನೆಟ್ಟಗ ಮಾಡೀವ್ರಿ. ನೋಡ್ರಿ, ಇಲ್ಲಿ ಲೈಟು. ಇಲ್ಲಿ ಫೋನ್ ಚಾರ್ಜ್ ಮಾಡಾಕ ಪಾಯಿಂಟು.”

“ಡಿಕ್ಕಿನಾಗ ಕುಂತು ಫೋನು ಚಾರ್ಜ್ ಮಾಡ್ಕೋತಾನೇನು ಅವನು?”

“ಯಾರ್ರೀ?”

“ನಿನಗ್ಯಾಕಪ್ಪ.”

ಮರಿಯನ್ನು ಒಳಗೆ ಬಿಟ್ಟಳು. ಮರಿ ಒಂದು ಸುತ್ತು ತಿರುಗಿ, ಕಾಲು ಮಡಚಿ, ಗೊರಕೆ ಹೊಡೆಯಿತು. ಗವಿಸಿದ್ದೇಶ ಕೈ ಮುಗಿದು ನಕ್ಕ. “ನೋಡ್ರಿ, ಮರಿನೇ ಸರ್ಟಿಫಿಕೇಟ್ ಕೊಟ್ತು.”

“ಹಂಗಾದ್ರ ಬ್ಯಾಡ ಬಿಡು.”

ಅವನು ಟೈ ಸಡಿಲಿಸಿಕೊಂಡು ಹುಲುಗೇಶನ ಮುಖ ನೋಡಿದ. ಹುಲುಗೇಶ ಆಕಾಶ ನೋಡಿದ. ಭರಮಮ್ಮನಿಗೆ ಕಂಪನಿಯ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು. ಅಷ್ಟು ಚೆನ್ನಾಗಿ ಮನುಷ್ಯರನ್ನು ಹಿಂಡುತ್ತಿದ್ದ ಡಿಕ್ಕಿಯನ್ನು ಯಾರನ್ನು ಕೇಳಿ ಸರಿಮಾಡಿದರು ಇವರು?

ಎರಡನೆಯದು ರೂಬಿ. ಅದರವನು ಚಾವಣಿಯ ಗಾಜು ಸರಿಸಿ ಆಕಾಶ ತೋರಿಸಿದ. ಮರಿ ಡಿಕ್ಕಿಯಲ್ಲಿ ಮಲಗಲೂ ಇಲ್ಲ, ಒದರಲೂ ಇಲ್ಲ. ಸುಮ್ಮನೆ ನಿಂತು ಗಾಜು ನೆಕ್ಕಿತು.

“ಹಿಂದಿನ ಸೀಟು ಪೂರಾ ಮಡಚ್ತಾವ್ರಿ,” ಅಂದ ಮಾರುವವನು.

“ಮಡಿಚಿದ್ರ ಒಳಗಿಂದ ಮುಂದಕ್ಕ ತೆವಳ್ಕೊಂಡು ಬರ್ತಾನ. ಇದೂ ಬ್ಯಾಡ.”

ಉಳಿದದ್ದು ಕ್ಯಾಪ್ಟನ್. ಮುಂದಿನಿಂದ ನೋಡಿದರೆ ಮದವೇರಿದ ಕೋಣದಂಥ ಗಾಡಿ. ಡಿಕ್ಕಿ ತೆಗೆಯಲು ಹೋದರೆ ಮಾರುವ ಹುಡುಗಿ ಸುಮಲತಾ ಅಡ್ಡ ನಿಂತಳು.

“ಅದೊಂದು ನೋಡಬ್ಯಾಡ್ರಿ ಅಮ್ಮಾ. ಸುಳ್ಳು ಯಾಕ ಹೇಳ್ಲಿ, ಡಿಕ್ಕಿ ಭಾಳ ಸಣ್ಣದು.”

“ತಗಿಯವ್ವಾ ನನ್ನ ಬಂಗಾರ,” ಅಂದಳು ಭರಮಮ್ಮ.

ಬಾಗಿಲು ತೆರೆಯಿತು. ನಡುವೆ ಸ್ಟೆಪ್ನಿ ಉಬ್ಬು, ಝೋರಾದ್ದಕ್ಕಿಂತ ಒಂದು ಗೇಣು ಎತ್ತರ. ಗಾಜು ಕುಡುಗೋಲಿನ ಹಾಗೆ ಬಗ್ಗಿತ್ತು. ಉಳಿದ ಅರ್ಧ ಜಾಗವನ್ನು ಹಾಡಿನ ದೊಡ್ಡ ಡಬ್ಬಿಯೊಂದು ನುಂಗಿ ಕೂತಿತ್ತು. ಮರಿಯನ್ನು ಬಿಟ್ಟಳು. ಮರಿ ಒದರಿದ ರೀತಿಗೆ ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಹಿಂಡೊಂದು ತಿರುಗಿ ಮೈದಾನಕ್ಕೆ ನುಗ್ಗಿತು. ಅತ್ತ ಹಡಗಲಿ ಸಂತೆಯಲ್ಲಿ ಮಾರಾಟಕ್ಕೆ ನಿಂತಿದ್ದ ಕುರಿಗಳು ಓಗೊಟ್ಟವಂತೆ. ಕೇಳಿಸಿಕೊಂಡವರು ಇವತ್ತಿಗೂ ಇದ್ದಾರೆ.

ಭರಮಮ್ಮ ತಾನೇ ಒಳಗೆ ಹೊಕ್ಕು ಕೂತಳು. ಉಬ್ಬು ಒತ್ತಿತು, ಗಾಜು ಕುತ್ತಿಗೆ ಮುರಿಯಿತು, ಕಾಲು ಸಿಕ್ಕಿಕೊಂಡಿತು. ಅವಳ ಮುಖ ಹುಣ್ಣಿಮೆಯಾಯಿತು.

“ಡಿಕ್ಕಿ ಜಾಗಾನೆಲ್ಲ ಸೀಟಿಗೆ ಹಾಕ್ಯಾರ್ರೀ,” ಎಂದು ಸುಮಲತಾ ಬೇಡಿಕೊಂಡಳು. “ಒಂದು ಸಲ ಮುಂದಿನ ಸೀಟಿನ್ಯಾಗ ಕುಂತು ನೋಡ್ರಿ, ಹೂವಿನಂಗ ಅದಾವ.”

“ನಾ ಕುಂದ್ರಂಗಿಲ್ಲವ್ವಾ, ಆಣಿ ಐತಿ.”

ಅಳುತ್ತಿದ್ದ ಮರಿಯನ್ನು ಹುಲುಗೇಶ ಎತ್ತಿ ಮುಂದಿನ ಸೀಟಿಗೆ ಹಾಕಿದ. ತಲೆ ತಾಗುವ ಮೊದಲೇ ಮರಿಗೆ ನಿದ್ದೆ ಹತ್ತಿತು. ಭರಮಮ್ಮ ಅದನ್ನು ನೋಡಲಿಲ್ಲ. ಅವಳು ಸ್ಟೆಪ್ನಿ ಉಬ್ಬಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕ್ಯಾಪ್ಟನ್ನೇ ಮನೆಗೆ ಬಂತು.

ಜವಳದ ಬೆಳಗ್ಗೆ ಕ್ಯಾಪ್ಟನ್ ಚಿಗಟೇರಿಯ ಮನೆ ಮುಂದೆ ನಿಂತಾಗ ಓಣಿಯೆಲ್ಲ ನೋಡಲು ಬಂದಿತ್ತು. ಮೈಲಾರಲಿಂಗಪ್ಪ ದೊಡ್ಡ ರುಮಾಲು ಸುತ್ತಿ ಹೊರಗೆ ಬಂದ. ದೇವರಿಗೆ ಬಿಡುವ ಟಗರಿನ ಹಣೆಗೂ ಬೆನ್ನಿಗೂ ಅವನೇ ಅರಿಸಿನದ ಭಂಡಾರ ಬಳಿದ. ಭರಮಮ್ಮ ಸೆರಗು ಹೊದ್ದು, ಏನೂ ತಿಳಿಯದವಳ ಹಾಗೆ ಕೇಳಿದಳು.

“ಬೀಗರೇ, ಟಗರು ಡಿಕ್ಕಿಗೆ ಹಾಕಾಣೇನ್ರಿ?”

“ಏನ್ ಮಾತು ಅಂತ ಆಡ್ತೀರ ಬೀಗಿತ್ತಿ. ಭಂಡಾರ ಬಿದ್ದ ಮ್ಯಾಲೆ ಅದು ಟಗರಲ್ಲ, ಬೀರಪ್ಪ. ಸೀಟಲ್ಲೇ ಕುಂದ್ರಿಸ್ಬೇಕು.”

“ಹಗ್ಗ ಯಾರು ಹಿಡಿಬೇಕ್ರಿ?”

“ಕೂಸಿನ ತಾತ ಹಿಡಿಬೇಕು. ಬಾಗ್ಲಿಂದ ಗುಡಿಗೆ, ಗುಡಿಯಿಂದ ಬಾಗ್ಲಿಗೆ, ಕೈ ಬಿಡಂಗಿಲ್ಲ. ನಮ್ಮಪ್ಪ ಬಿಟ್ಟಿರ್ಲಿಲ್ಲ, ನಾನೂ ಬಿಡಲ್ಲ.” ಓಣಿಯೆಲ್ಲ ಕೇಳಲಿ ಎಂದು ದನಿ ಎತ್ತರಿಸಿಯೇ ಹೇಳಿದ.

“ಹಗ್ಗ ಹಿಡಿದೋರು ದೇವರಿಗೆ ಬೆನ್ನು ಹಾಕಬಹುದೇನ್ರಿ?”

“ಹಾಕಂಗೇ ಇಲ್ಲ.”

ನಡುವಿನ ಸೀಟಿನಲ್ಲಿ ಕೂಸನ್ನೆತ್ತಿಕೊಂಡ ಶಿವಲೀಲಾ ಒಂದು ಕಡೆ, ಮೈಲಾರಲಿಂಗಪ್ಪನ ಹೆಂಡತಿ ಮಂಜಮ್ಮ ಇನ್ನೊಂದು ಕಡೆ, ಇಬ್ಬರ ನಡುವೆ ಭಂಡಾರದ ಟಗರು ಕೂತಾಗಿತ್ತು. ಮುಂದೆ ಕೂತರೆ ದೇವರಿಗೆ ಬೆನ್ನು. ಮೈಲಾರಲಿಂಗಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. ಭರಮಮ್ಮ ಹಿಂದೆ ನಿಂತು ಡಿಕ್ಕಿಯ ಬಾಗಿಲು ಹಿಡಿದಿದ್ದಳು.

“ಒಂದೀಟು ಹೊಂದ್ಕೊಳ್ರಿ ಬೀಗರೇ. ಮನ್ಯಾರೇ ಅಲ್ಲೇನು.”

ಅವನಿಗೆ ಈಗ ಅರ್ಥವಾಯಿತು. ಓಣಿಯ ಕಡೆ ನೋಡಿದ. ಅವನ ಬಾಯಿಂದ ಬಂದ ಒಂದೊಂದು ಮಾತನ್ನೂ ಓಣಿ ಕೇಳಿಸಿಕೊಂಡಿತ್ತು. ಮೊದಲು ಒಂದು ಕಾಲು, ಆಮೇಲೆ ಹೊಟ್ಟೆ, ಆಮೇಲೆ ಇನ್ನೊಂದು ಕಾಲು, ಕೊನೆಗೆ ರುಮಾಲು ಒಳಗೆ ಹೋದವು. ಭರಮಮ್ಮ ಬಾಗಿಲನ್ನು ಮೆಲ್ಲಗೆ, ಕೂಸಿಗೆ ಹೊದಿಕೆ ಹೊದಿಸಿದ ಹಾಗೆ ಮುಚ್ಚಿದಳು.

ಆಣೆಯ ಅರ್ಧ ತೀರಿತು. ಉಳಿದರ್ಧ ಕೊಟ್ಟೂರಿನಲ್ಲಿ. ಅವಳು ಮುಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತಳು.

ಅಲ್ಲೇ ತಪ್ಪಾಯಿತು. ಮೂರು ಗಾಡಿಗಳನ್ನು ಹೋಲಿಸಿ ನೋಡಿದ್ದಳು, ಮೂರು ಡಿಕ್ಕಿಯ ಉಬ್ಬು ತಗ್ಗು ಅವಳಿಗೆ ಬಾಯಿಪಾಠವಾಗಿತ್ತು, ಆದರೆ ಒಂದು ಸೀಟನ್ನೂ ನೋಡಿರಲಿಲ್ಲ. ಇಷ್ಟು ಕಾಲ ನಿಂತೇ ಸವೆದ ಸೊಂಟ, ಬೆನ್ನು, ತೊಡೆಗಳು ಆ ಹೂವಿನಂಥ ಸೀಟನ್ನು ಮುಟ್ಟಿದ್ದೇ ತಡ, ಒಂದಕ್ಕೊಂದು ಸುದ್ದಿ ಮುಟ್ಟಿಸಿದವು. “ಹೊಂಡಲೇ, ಗಾಡಿ ಬಿಡು,” ಎಂದು ಹೇಳಿದ್ದು ಅವಳಿಗೆ ನೆನಪಿದೆ. ಅದರ ಮುಂದಿನದು ಇಲ್ಲ.

ಕಣ್ಣು ಬಿಟ್ಟಾಗ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಎದುರಿಗೆ ಬೀರಪ್ಪನ ಗುಡಿ. ಮೈಲಾರಲಿಂಗಪ್ಪ ಆಗಲೇ ಇಳಿದು, ರುಮಾಲು ನೆಟ್ಟಗೆ ಕಟ್ಟಿಕೊಂಡು, ಎಲೆಅಡಿಕೆ ಜಗಿಯುತ್ತ ಟಗರಿನ ಹಗ್ಗ ಹಿಡಿದು ನಿಂತಿದ್ದ.

“ಕೊಟ್ಟೂರು ಬಂತೇನಲೇ?” ಎಂದು ಕೇಳಿದಳು.

“ಹಿಂದಕ ಹೋತಬೇ,” ಅಂದ ಹುಲುಗೇಶ. “ಕರೆದೆ, ಅಲುಗಾಡಿಸಿದೆ. ಅಕ್ಕ, ಮಲಗಿರ್ಲಿ ಬಿಡು ಅಂದ್ಲು.”

ಮೈಲಾರಲಿಂಗಪ್ಪ ಎಲೆಅಡಿಕೆ ಉಗುಳಿ ಹತ್ತಿರ ಬಂದ. “ಎಂಥಾ ಗೊರಕೆ ಬೀಗಿತ್ತಿ ನಿಮ್ದು. ಅದನ್ನೇ ಕೇಳ್ತಾ ಕುಂತೆ, ದಾರಿ ಸರಿದಿದ್ದೇ ಗೊತ್ತಾಗ್ಲಿಲ್ಲ ನೋಡ್ರಿ.”

ಭರಮಮ್ಮನಿಗೆ ಅವತ್ತಿನ ಜವಳ ಹೇಗಾಯಿತೆಂದು ಕೇಳಿದರೆ ಹೇಳಲು ಬಾರದು. ಹುಲುಗೇಶನ ತೊಡೆಯ ಮೇಲೆ ಕೂಸು ಅತ್ತದ್ದು, ಕೂದಲು ಬಿದ್ದದ್ದು, ಪೂಜಾರಿ ಭಂಡಾರ ಹಾರಿಸಿದ್ದು ಯಾವುದೂ ಅವಳ ಕಣ್ಣಿಗೆ ಹತ್ತಲಿಲ್ಲ. ಎಲ್ಲರೂ ಉಣ್ಣುತ್ತಿದ್ದಾಗ ಅವಳು ಗುಡಿಯ ಹಿಂದಿನ ಬಯಲಿನಲ್ಲಿ ಬಗ್ಗಿ ಏನೋ ಆರಿಸಿ ಉಡಿಗೆ ತುಂಬಿಕೊಳ್ಳುತ್ತಿದ್ದಳು.

ಹೊರಡುವಾಗ ಮೈಲಾರಲಿಂಗಪ್ಪ ಹಗ್ಗವನ್ನು ಹುಲುಗೇಶನ ಕಡೆ ಚಾಚಿದ. “ತಗಳಪ್ಪ, ದೇವ್ರ ಕೆಲಸ ಆಯ್ತು. ನಾನು ಬಸ್ಸಿಗೆ ಬರ್ತೀನಿ.”

“ಗುಡಿಯಿಂದ ಬಾಗ್ಲಿಗೂ ಕೈ ಬಿಡಂಗಿಲ್ಲ ಅಂದೋರು ನೀವಲ್ರೀ,” ಅಂದಳು ಭರಮಮ್ಮ. “ಕೇಳ್ರಿ ಪೂಜಾರ್ರೇ, ಬಿಡಬಹುದೇನು?”

ಪೂಜಾರಿ ತಲೆ ಅಲ್ಲಾಡಿಸಿದ. ಬಿಟ್ಟ ಟಗರು ಕೂಸಿನ ಮನೆಯ ಹಿಂಡು ಸೇರುವವರೆಗೂ ದೇವರೇ. ಮೈಲಾರಲಿಂಗಪ್ಪ ಮತ್ತೆ ಡಿಕ್ಕಿಗೆ ಹೋದ.

ಭರಮಮ್ಮ ಈ ಸಲ ಮುಂದಿನ ಸೀಟಿನ ಮೇಲೆ ಉಡಿ ಬಿಚ್ಚಿದಳು. ನೆಗ್ಗಿಲ ಮುಳ್ಳು. ಸೀಟಿನ ತುಂಬ ಹರಡಿ, ಅದರ ಮೇಲೆ ನೆಟ್ಟಗೆ ಕೂತಳು. ಒಳಗಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಯವ್ವಾ, ನಂಗ ಹಿಂದಿನ ಗಾಡಿ ಕಾಣಂಗಿಲ್ಲ,” ಅಂದ ಹುಲುಗೇಶ.

“ಹಿಂದಿಂದು ನಾ ನೋಡ್ತೀನಿ, ನೀ ಮುಂದ ನೋಡು. ಒಂದು ಹಂಪ್ ತಪ್ಪಿಸಿದ್ಯೋ, ನೀ ನನ್ನ ಮಗನಲ್ಲ.”

ಹುಲುಗೇಶ ತಾಯಿಯ ಮಾತು ಮೀರುವ ಮಗನಲ್ಲ. ಇದ್ದ ಹಂಪುಗಳೆಲ್ಲ ಹತ್ತಿಸಿದ. ಒಂದು ಹಂಪಿಗೆ ಮೈಲಾರಲಿಂಗಪ್ಪ ಮೇಲೆ ಹೋದವನು ಮುಂದಿನ ಹಂಪು ಬರುವವರೆಗೂ ಕೆಳಗೆ ಬರಲಿಲ್ಲವಂತೆ. ಕನ್ನಡಿಯಲ್ಲಿ ಮೊದಲು ರುಮಾಲು ಕಾಣುತ್ತಿತ್ತು, ಆಮೇಲೆ ಒಂದು ಮೊಣಕಾಲು, ಆಮೇಲೆ ಎರಡೂ ಕಲಸಿಕೊಂಡು ಯಾವುದು ಯಾವುದೋ ತಿಳಿಯದಾಯಿತು. ಟಗರು ಸೀಟಿನ ಮೇಲಿಂದ ಹಿಂದಕ್ಕೆ ಕತ್ತು ಚಾಚಿ ಅವನ ಕಿವಿ ನೆಕ್ಕುತ್ತಿತ್ತು. ದೇವರಾದ್ದರಿಂದ ಅವನು ತಳ್ಳುವ ಹಾಗಿರಲಿಲ್ಲ.

ಸೀಟಿನ ಬೆನ್ನು ತಟ್ಟಿದ ಸದ್ದಾಯಿತು. “ಬೀಗಿತ್ತಿ, ಕಾಲು ಸಿಗಾಕ್ಕಂಡೈತೆ. ಒಂದೀಟು ನಿಲ್ಸಿ.”

ಶಿವಲೀಲಾ ತಾಯಿಯ ಕಡೆ ನೋಡಿದಳು. ಮಂಜಮ್ಮ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಕುಣಿಯುತ್ತಿತ್ತು.

“ಹುಲುಗಾ, ಹಾಡು ಹಚ್ಚು,” ಅಂದಳು ಭರಮಮ್ಮ. “ಜೋರಾಗಿ.”

ಹಾಡಿನ ಡಬ್ಬಿ ಇದ್ದದ್ದು ಡಿಕ್ಕಿಯಲ್ಲಿ, ಮೈಲಾರಲಿಂಗಪ್ಪನ ಎಡಗಿವಿಗೆ ಒತ್ತಿಕೊಂಡು.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ಅದೇ ಚಹಾದಂಗಡಿ. ಭಂಡಾರದ ಟಗರು ನೋಡಿ ಕೈ ಮುಗಿಯಲು ಜನ ಬಂದರು. ಭರಮಮ್ಮ ಇಳಿದು ಸೀರೆಗೆ ಕಚ್ಚಿದ್ದ ಮುಳ್ಳು ಕೊಡವಿಕೊಂಡಳು. ಒಂದು ಚಹಾ ಹೇಳಿ, ಗ್ಲಾಸು ಕೈಗೆ ಬರುವ ತನಕ ಕಾದಳು. ಆಮೇಲೆ ಡಿಕ್ಕಿ ತೆಗೆದಳು.

ಮೈಲಾರಲಿಂಗಪ್ಪ ಮೊದಲು ಕಾಣಲಿಲ್ಲ. ರುಮಾಲು ಬಿಚ್ಚಿ ಅವನನ್ನೇ ಸುತ್ತಿಕೊಂಡಿತ್ತು. ಬೆವರಿಗೆ ಭಂಡಾರ ಕರಗಿ ಮುಖವೆಲ್ಲ ಹಳದಿ. ಒಂದು ಕೈಯಲ್ಲಿ ಹಗ್ಗ ಮಾತ್ರ ಬಿಟ್ಟಿರಲಿಲ್ಲ. ಯಾರೋ ಫೋನು ಎತ್ತಿದರು. ಅವರ ಹಿಂದೆ ಇನ್ನೂ ಯಾರೋ ಎತ್ತಿದರು.

ಭರಮಮ್ಮ ಒಂದು ಗುಟುಕು ಕುಡಿದು ಹೇಳಿದಳು. “ಮಡಿಚಿ ಇಟ್ರ ಎಲ್ಲಾರ ಹಿಡಿತಾರ ನಮ್ಮ ಬೀಗರು.”

ಬಸ್‌ಸ್ಟ್ಯಾಂಡು ನಕ್ಕಿತು. ಹೊರಟಿದ್ದ ಬಸ್ಸೊಂದು ನಿಂತು ನಕ್ಕಿತು. ಕಂಡಕ್ಟರು ಕಿಟಕಿಯಿಂದ ಕತ್ತು ಹಾಕಿ, “ಯಮ್ಮಾ, ಇನ್ನರ ಕುಂದ್ರತೀಯೇನು?” ಎಂದು ಕೂಗಿದ.

ನಗು ತಗ್ಗಿದ ಮೇಲೆ ಮೈಲಾರಲಿಂಗಪ್ಪ ಅವಳೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದ. “ಅವತ್ತು ನೀವು ಡಿಕ್ಕಿನಾಗೆ ಹೆಂಗೆ ಕುಂತ್ರಿ ಬೀಗಿತ್ತಿ?”

ಇಷ್ಟು ಕಾಲದಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಭರಮಮ್ಮ ಅವನ ಮುಖ ನೋಡಿದಳು. ಗ್ಲಾಸಿನ ತಳದಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದಳು.

“ಹೇಳಿದ್ರ ತಿಳಿಯಂಗಿಲ್ಲ ಬೀಗರೇ. ಚಿಗಟೇರಿ ಇನ್ನೂ ದೂರ ಐತಿ, ಕುಂತು ನೋಡ್ರಿ.”

ಬಾಗಿಲು ಮುಚ್ಚಿದಳು. ಈ ಸಲ ಮೆಲ್ಲಗೆ ಅಲ್ಲ. ಮುಂದೆ ಬಂದು ಸೀಟಿನ ಮೇಲಿನ ನೆಗ್ಗಿಲ ಮುಳ್ಳನ್ನೆಲ್ಲ ಸೆರಗಿನಿಂದ ಗುಡಿಸಿ ರಸ್ತೆಗೆ ಸುರಿದಳು, ಕನ್ನಡಿಯನ್ನು ಮಗನ ಕಡೆಗೆ ತಿರುಗಿಸಿ ಕೊಟ್ಟಳು, ಸೀಟನ್ನು ಹಿಂದಕ್ಕೆ ಒರಗಿಸಿದಳು.

“ಹಾಡು ಕಡಿಮಿ ಮಾಡಲೇನಬೇ?” ಅಂದ ಹುಲುಗೇಶ.

ಭರಮಮ್ಮ ಆಗಲೇ ಗೊರಕೆ ಹೊಡೆಯುತ್ತಿದ್ದಳು.